ಗೆಳೆಯರ ಮಗುವಿನ ಅದ್ದೂರಿ ಹುಟ್ಟುಹಬ್ಬಕ್ಕೆ ನಿಮ್ಮಿಂದ ಹಣ ನಿರೀಕ್ಷಿಸಿದಾಗ ಏನು ಮಾಡಬೇಕು?

ಮಗುವಿನ ಮೊದಲ ಹುಟ್ಟುಹಬ್ಬ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಂತಹ ಊರುಗಳಲ್ಲಿ ಈಗ ಒಂದು ಚಿಕ್ಕ ಮದುವೆಯಷ್ಟು ಬೆಳೆದಿದೆ. ಬೆಳಿಗ್ಗೆ ಮನೆಯಲ್ಲಿ ಆಯುಷ್ಯ ಹೋಮವೋ ದೇವಸ್ಥಾನದಲ್ಲಿ ಅರ್ಚನೆಯೋ ಮುಗಿದರೆ, ಸಂಜೆ ಪಾರ್ಟಿ ಹಾಲ್‌ನಲ್ಲಿ ಬಲೂನ್ ಕಮಾನು, ಎಲ್‌ಇಡಿ ಪರದೆ, ಮ್ಯಾಜಿಕ್ ಶೋ, ಮೈಕ್ ಹಿಡಿದ ಆ್ಯಂಕರ್, ಮೂರು ಅಂತಸ್ತಿನ ಕೇಕ್, ಬಫೆ ಊಟ, ಹೊರಡುವಾಗ ಪ್ರತಿ ಮಗುವಿನ ಕೈಗೂ ಒಂದು ರಿಟರ್ನ್ ಗಿಫ್ಟ್. ಇದೆಲ್ಲ ಮಾಡಿಸುವವರ ಇಷ್ಟ, ಅವರ ದುಡ್ಡು ಎಂದು ಸುಮ್ಮನಿರಬಹುದು. ತೊಡಕು ಹುಟ್ಟುವುದು ಆಪ್ತ ಗೆಳೆಯನೋ ಗೆಳತಿಯೋ "ಡೆಕೋರೇಷನ್ ನೀನು ನೋಡ್ಕೋ", "ಕೇಕ್ ನಿನ್ನ ಕಡೆಯಿಂದ ಇರ್ಲಿ", "ಒಂದು ಐವತ್ತು ಅಡ್ಜಸ್ಟ್ ಮಾಡು, ಆಮೇಲೆ ನೋಡ್ಕೊಳ್ಳೋಣ" ಎಂದಾಗ. ಹಾಗೆ ಕೇಳಿಸಿಕೊಂಡು, ಹೂಂ ಎನ್ನಲಾಗದೆ ಇಲ್ಲ ಎನ್ನಲೂ ಆಗದೆ ಕುಳಿತವರಿಗಾಗಿ ಈ ಲೇಖನ.

ಇಂಥ ನಿರೀಕ್ಷೆ ಆಕಾಶದಿಂದ ಉದುರಿದ್ದಲ್ಲ. ಮದುವೆ, ಗೃಹಪ್ರವೇಶ, ನಾಮಕರಣಗಳಿಗೆ ಮುಯ್ಯಿ ಮಾಡುವ ಪದ್ಧತಿ ನಮ್ಮಲ್ಲಿದೆ. ಯಾರು ಎಷ್ಟು ಮಾಡಿದರೆಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಅವರ ಮನೆಯ ಕಾರ್ಯ ಬಂದಾಗ ಅಷ್ಟನ್ನೇ ಅಥವಾ ಅದಕ್ಕಿಂತ ತುಸು ಹೆಚ್ಚನ್ನು ಹಿಂದಿರುಗಿಸುವ ಮನೆಗಳು ಇಂದಿಗೂ ಇವೆ. ಆದ್ದರಿಂದ ಸ್ನೇಹಿತರು ಕೈಜೋಡಿಸಲಿ ಎಂದು ಬಯಸುವುದನ್ನೇ ದುರಾಸೆ ಎನ್ನುವುದು ಸರಿಯಲ್ಲ. ಆದರೆ ಮುಯ್ಯಿಗೂ ಈ ಹೊಸ ನಿರೀಕ್ಷೆಗೂ ಎರಡು ದೊಡ್ಡ ವ್ಯತ್ಯಾಸಗಳಿವೆ. ಮುಯ್ಯಿಯ ಮೊತ್ತವನ್ನು ಗೊತ್ತುಮಾಡುವವರು ಕೊಡುವವರು. ಇಲ್ಲಿ ಅದನ್ನು ಗೊತ್ತುಮಾಡುವವರು ಕೇಳುವವರು. ಮುಯ್ಯಿ ಕೈಸೇರುವ ಹೊತ್ತಿಗೆ ಕಾರ್ಯದ ಖರ್ಚು ಬಹುಪಾಲು ಆಗಿಹೋಗಿರುತ್ತದೆ. ಇಲ್ಲಿ ನಿಮ್ಮ ಹಣವನ್ನು ಮೊದಲೇ ಲೆಕ್ಕಕ್ಕೆ ಹಿಡಿದು, ಅದರ ಬಲದ ಮೇಲೆ ಪಾರ್ಟಿಯ ಗಾತ್ರವನ್ನು ಹಿಗ್ಗಿಸಲಾಗುತ್ತದೆ. ಕೆಳಗಿನ ಹೆಜ್ಜೆಗಳೆಲ್ಲವೂ ಈ ಎರಡನ್ನು ಸರಿಪಡಿಸುವುದಕ್ಕಾಗಿಯೇ ಇವೆ: ಮೊತ್ತವನ್ನು ನೀವೇ ಗೊತ್ತುಮಾಡಬೇಕು, ಮತ್ತು ನಿಮ್ಮ ಉತ್ತರ ಹಾಲ್‌ಗೆ ಅಡ್ವಾನ್ಸ್ ಕೊಡುವ ಮೊದಲೇ ಗೆಳೆಯರನ್ನು ಮುಟ್ಟಬೇಕು.

ಮೊದಲ ಹೆಜ್ಜೆ: ಕೇಳುತ್ತಿರುವುದು ಏನನ್ನು ಎಂದು ಸ್ಪಷ್ಟಪಡಿಸಿಕೊಳ್ಳಿ

"ಸ್ವಲ್ಪ ಹೆಲ್ಪ್ ಮಾಡು" ಎಂಬ ಒಂದೇ ಮಾತಿನ ಹಿಂದೆ ನಾಲ್ಕು ಬೇರೆ ಬೇರೆ ಕೋರಿಕೆಗಳು ಇರಬಹುದು. ಒಂದು, ಹಿಂದಿರುಗಿ ಬಾರದ ಉಡುಗೊರೆ. ಎರಡು, ಖರ್ಚಿನಲ್ಲಿ ಪಾಲು, ಅಂದರೆ ಕೇಕ್ ನಿಮ್ಮದು, ಫೋಟೊಗ್ರಾಫರ್ ಇನ್ನೊಬ್ಬರದು ಎಂಬಂತೆ ಹಂಚಿಕೊಳ್ಳುವುದು. ಮೂರು, ಕೈಗಡ. ನಾಲ್ಕನೆಯದು ಹಣವೇ ಅಲ್ಲ, ನಿಮ್ಮ ಹೆಸರು: ನಿಮ್ಮ ಕ್ರೆಡಿಟ್ ಕಾರ್ಡ್ ಉಜ್ಜುವುದು, ಅವರು ತೆಗೆಯುವ ಪರ್ಸನಲ್ ಲೋನ್‌ಗೆ ಜಾಮೀನು ಹಾಕುವುದು, ಅಥವಾ ನಿಮ್ಮ ಪರಿಚಯದ ಕೇಟರಿಂಗ್‌ನವರಿಗೆ "ನಮ್ಮವರೇ, ದುಡ್ಡು ಆಮೇಲೆ ಕೊಡ್ತಾರೆ" ಎಂದು ಹೇಳಿಸುವುದು. ಈ ನಾಲ್ಕನೆಯದು ಖರ್ಚಿಲ್ಲದ ಸಹಾಯದಂತೆ ಕಾಣುತ್ತದೆ, ಆದರೆ ನಾಲ್ಕರಲ್ಲಿ ಹೆಚ್ಚು ಅಪಾಯದ್ದು ಇದೇ. ಅದರ ವಿವರ ಮುಂದೆ ಬರುತ್ತದೆ.

ಜಗಳಗಳು ಬಹುಮಟ್ಟಿಗೆ ಹುಟ್ಟುವುದು ಮೊತ್ತದಿಂದಲ್ಲ, ಈ ನಾಲ್ಕರಲ್ಲಿ ಯಾವುದು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳದಿರುವುದರಿಂದ. ಕೊಟ್ಟವರು ಕೈಗಡವೆಂದು ಕೊಟ್ಟಿರುತ್ತಾರೆ, ಪಡೆದವರು ಮಗುವಿಗೆ ಬಂದ ಉಡುಗೊರೆಯೆಂದು ಪಡೆದಿರುತ್ತಾರೆ, ಆರು ತಿಂಗಳ ಮೇಲೆ ಒಬ್ಬರು ಕೇಳಿದಾಗ ಇನ್ನೊಬ್ಬರಿಗೆ ಅವಮಾನವಾಗುತ್ತದೆ. ಆದ್ದರಿಂದ ಮೊದಲು ಒಂದು ನೇರ ಪ್ರಶ್ನೆ ಕೇಳಿ: "ಕಣೇ, ಸರಿಯಾಗಿ ಹೇಳು. ಇದು ಕೈಗಡನಾ, ಇಲ್ಲ ಮಗುಗೆ ನನ್ನ ಕಡೆಯಿಂದ ಏನಾದ್ರೂ ಮಾಡಿಸ್ಬೇಕು ಅಂತಾನಾ? ಯಾವುದೇ ಆದ್ರೂ ಬೇಜಾರಿಲ್ಲ, ನನಗೆ ಗೊತ್ತಿರಬೇಕು ಅಷ್ಟೆ." ಈ ಪ್ರಶ್ನೆಗೆ "ಅಯ್ಯೋ, ಅದೆಲ್ಲ ಯಾಕೆ, ನಮ್ಮಿಬ್ಬರ ಮಧ್ಯೆ ಲೆಕ್ಕಾನಾ?" ಎಂಬ ಉತ್ತರ ಬಂದರೆ, ಅದನ್ನು ಉಡುಗೊರೆಯ ಕೋರಿಕೆ ಎಂದೇ ಎಣಿಸಿ ಮುಂದುವರಿಯಿರಿ. ಲೆಕ್ಕ ಬೇಡ ಎಂದವರಿಂದ ಹಣ ಹಿಂದಕ್ಕೆ ಬರುವುದು ಅಪರೂಪ.

ಎರಡನೆಯ ಹೆಜ್ಜೆ: ಅಡ್ವಾನ್ಸ್ ಯಾವಾಗ ಎಂದು ವಿಚಾರಿಸಿ

ಇದು ಚಿಕ್ಕ ಹೆಜ್ಜೆ, ಆದರೆ ತಪ್ಪಿಸಬಾರದು. ಹಾಲ್, ಕೇಟರಿಂಗ್, ಡೆಕೋರೇಷನ್ ಎಲ್ಲದಕ್ಕೂ ಮುಂಗಡ ಕೊಟ್ಟು ತಾರೀಖು ಹಿಡಿಯಬೇಕಾಗುತ್ತದೆ, ಮತ್ತು ಆ ಮುಂಗಡ ಸಾಮಾನ್ಯವಾಗಿ ವಾಪಸಾಗುವುದಿಲ್ಲ. ಅಡ್ವಾನ್ಸ್ ಕೊಡುವ ಮೊದಲು ನೀವು "ಆಗುವುದಿಲ್ಲ" ಎಂದರೆ ಗೆಳೆಯರು ಪಾರ್ಟಿಯನ್ನು ತಮ್ಮ ಕೈಗೆ ಎಟುಕುವಷ್ಟಕ್ಕೆ ಇಳಿಸಿಕೊಳ್ಳಬಹುದು. ಕೊಟ್ಟ ಮೇಲೆ ಅಂದರೆ ಅದೇ ಮಾತು ಅವರಿಗೆ ನಷ್ಟವಾಗುತ್ತದೆ, ಆ ನಷ್ಟಕ್ಕೆ ನೀವೇ ಕಾರಣರೆಂಬ ಮಾತೂ ಹುಟ್ಟುತ್ತದೆ. ಸಂಕೋಚದಿಂದ "ನೋಡೋಣ" ಎಂದು ಎರಡು ವಾರ ತಳ್ಳುವುದು ಮೃದುತನವೆನಿಸಿದರೂ ಅದು ಗೆಳೆಯರಿಗೆ ಮಾಡುವ ಅನ್ಯಾಯ. ನಮ್ಮ ಕಡೆ "ನೋಡೋಣ" ಎಂದರೆ ಇಲ್ಲವೆಂದು ಕೆಲವರು ತಿಳಿಯುತ್ತಾರೆ, ಆಯಿತೆಂದು ಇನ್ನು ಕೆಲವರು ತಿಳಿಯುತ್ತಾರೆ. ಹಣದ ಆಸೆಯಲ್ಲಿರುವವರು ಎರಡನೆಯ ಗುಂಪಿಗೆ ಸೇರುತ್ತಾರೆ. ಯೋಚಿಸಲು ಸಮಯ ಬೇಕಿದ್ದರೆ ದಿನವನ್ನು ಹೆಸರಿಸಿ: "ಶನಿವಾರ ಸಂಜೆಯೊಳಗೆ ಹೇಳ್ತೀನಿ, ಅಲ್ಲಿವರೆಗೆ ನನ್ನ ದುಡ್ಡನ್ನ ಲೆಕ್ಕಕ್ಕೆ ಹಿಡೀಬೇಡ." ಹೇಳಿದ ಶನಿವಾರ ತಪ್ಪದೆ ಹೇಳಿ.

ಮೂರನೆಯ ಹೆಜ್ಜೆ: ನಿಮ್ಮ ಮೊತ್ತವನ್ನು ನಿಮ್ಮ ಮನೆಯಲ್ಲಿ ಗೊತ್ತುಮಾಡಿ

ಅವರು ಕೇಳಿದ ಅಂಕಿಯಿಂದ ಲೆಕ್ಕ ಆರಂಭಿಸಬೇಡಿ. ಐವತ್ತು ಸಾವಿರ ಎಂಬುದನ್ನು ಎದುರಿಗಿಟ್ಟುಕೊಂಡು ಕುಳಿತರೆ ಇಪ್ಪತ್ತೈದು ಸಾವಿರ ಕೂಡ ಕಡಿಮೆಯೆಂದೇ ತೋರುತ್ತದೆ. ಬದಲಿಗೆ, ಯಾರೂ ಏನನ್ನೂ ಕೇಳದಿದ್ದರೆ ಈ ಮಗುವಿನ ಹುಟ್ಟುಹಬ್ಬಕ್ಕೆ ನೀವು ಏನು ಒಯ್ಯುತ್ತಿದ್ದಿರಿ ಎಂದು ಯೋಚಿಸಿ: ಬೆಳ್ಳಿ ಲೋಟವೇ, ಕಾಲ್ಗೆಜ್ಜೆಯೇ, ಒಂದು ಜೊತೆ ಬಟ್ಟೆಯೇ, ಲಕೋಟೆಯಲ್ಲಿ 1,001 ರೂಪಾಯಿಯೇ? ನಿಮ್ಮ ಸಹಜ ಮಟ್ಟ ಅದು. ಅಲ್ಲಿಂದ ಮೇಲಕ್ಕೆ ಎಷ್ಟು ಹೋಗಬಹುದು ಎಂಬುದನ್ನು ಎರಡು ವಿಷಯಗಳು ನಿರ್ಧರಿಸಬೇಕು.

ಒಂದನೆಯದು ನಿಮ್ಮ ಮನೆಯ ಸ್ಥಿತಿ. ಮನೆ ಸಾಲದ ಕಂತು, ಚೀಟಿಯ ಕಂತು, ಶಾಲೆ ಆರಂಭವಾಗುವ ಹೊತ್ತಿಗೆ ಕಟ್ಟಬೇಕಾದ ಮಕ್ಕಳ ಫೀಸು, ಅಪ್ಪ ಅಮ್ಮನ ಔಷಧಿ, ಇವೆಲ್ಲ ಕಳೆದ ಮೇಲೆ ಉಳಿಯುವುದರಲ್ಲಿ, ಹಿಂದಿರುಗಿ ಬಾರದಿದ್ದರೂ ಕೊರಗದೆ ಕೊಡಬಹುದಾದ ಮೊತ್ತ ಎಷ್ಟು? ಆಪತ್ತಿಗೆಂದು ತೆಗೆದಿಟ್ಟ ಹಣವನ್ನೂ ಒತ್ತೆ ಇಡಬಹುದಾದ ಒಡವೆಯನ್ನೂ ಈ ಲೆಕ್ಕದಲ್ಲಿ ಸೇರಿಸಕೂಡದು. ಈ ಲೆಕ್ಕವನ್ನು ಗಂಡ ಹೆಂಡಿರು ಕೂಡಿಯೇ ಮಾಡಬೇಕು. ಮನೆಯವರಿಗೆ ತಿಳಿಸದೆ ಗೆಳೆಯನಿಗೆ ಕೊಟ್ಟ ಹಣ ಎಂದಾದರೂ ಹೊರಬಿದ್ದೇ ಬೀಳುತ್ತದೆ, ಆಗ ಜಗಳ ಎರಡು ಮನೆಗಳಲ್ಲಿ ಆಗುತ್ತದೆ.

ಎರಡನೆಯದು ಹಳೆಯ ಋಣ. ನಿಮ್ಮ ಗೃಹಪ್ರವೇಶಕ್ಕೆ, ನಿಮ್ಮ ಮಗುವಿನ ನಾಮಕರಣಕ್ಕೆ ಅವರು ಏನು ಮಾಡಿದ್ದರು ಎಂಬುದನ್ನು ನೆನಪಿಸಿಕೊಳ್ಳಿ. ಪುಸ್ತಕದಲ್ಲಿದ್ದರೆ ತೆಗೆದು ನೋಡಿ. ಅಷ್ಟನ್ನು ಹಿಂದಿರುಗಿಸುವುದು ನ್ಯಾಯ. ಕೆಲವು ಋಣಗಳು ಪುಸ್ತಕಕ್ಕೆ ಹತ್ತುವುದಿಲ್ಲ: ಆಸ್ಪತ್ರೆಯಲ್ಲಿ ರಾತ್ರಿಯಿಡೀ ಜೊತೆಗೆ ಕುಳಿತವರು, ಕೆಲಸ ಹೋದಾಗ ಕೇಳದೆಯೇ ಬಾಡಿಗೆ ಕಟ್ಟಿದವರು. ಅಂಥವರು ಕೇಳಿದಾಗ ಮನಸ್ಸು ಕರಗುವುದು ಸಹಜ, ಆದರೂ ನನ್ನ ಅಭಿಪ್ರಾಯದಲ್ಲಿ ಆ ಋಣವನ್ನು ಬಲೂನಿಗೆ ದುಡ್ಡು ಕೊಟ್ಟು ತೀರಿಸಬಾರದು. ಅವರಿಗೂ ಆಸ್ಪತ್ರೆ, ಫೀಸು, ಬಾಡಿಗೆಗಳ ಕಷ್ಟ ಬರಬಹುದು. ಆ ದಿನಕ್ಕಾಗಿ ನಿಮ್ಮ ಕೈ ಖಾಲಿಯಾಗದೆ ಇರುವುದೇ ಅವರಿಗೆ ನೀವು ಮಾಡುವ ದೊಡ್ಡ ಉಪಕಾರ. ಇದನ್ನು ಅವರಿಗೆ ಹೇಳಲೂಬಹುದು.

ಮೊತ್ತ ಗೊತ್ತಾದ ಮೇಲೆ ಒಂದು ಪರೀಕ್ಷೆ ಮಾಡಿ. ಇದೇ ಮಗುವಿನ ಮುಂದಿನ ಹುಟ್ಟುಹಬ್ಬಕ್ಕೆ, ಇವರ ಎರಡನೆಯ ಮಗುವಿಗೆ, ಇದೇ ಬಳಗದ ಇನ್ನೊಬ್ಬ ಗೆಳೆಯನ ಮಗಳಿಗೆ ಇಷ್ಟೇ ಕೊಡಲು ನಿಮ್ಮಿಂದ ಆಗುತ್ತದೆಯೇ? ಆಗುವುದಿಲ್ಲವೆಂದಾದರೆ ಈಗಲೇ ಇಳಿಸಿ, ಏಕೆಂದರೆ ಒಮ್ಮೆ ಕೊಟ್ಟ ಮೊತ್ತವೇ ಮುಂದಿನ ಸಲದ ಅಳತೆಗೋಲಾಗುತ್ತದೆ.

ನಾಲ್ಕನೆಯ ಹೆಜ್ಜೆ: ಹೇಳುವ ರೀತಿ

ಎಲ್ಲರೂ ಎಡವುವುದು ಇಲ್ಲಿಯೇ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಉತ್ತರವನ್ನು ಎದುರಿಗೆ ಅಥವಾ ಫೋನಿನಲ್ಲಿ, ಒಬ್ಬರಿಗೊಬ್ಬರೇ ಇರುವಾಗ ಹೇಳಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರು ಕೇಳಿದ್ದರೂ ನೀವು ಅಲ್ಲಿ ಉತ್ತರಿಸಬೇಡಿ. ನಾಲ್ಕು ಜನರ ಮುಂದೆ ಹಣ ನಿರಾಕರಿಸಿದ್ದನ್ನು ಮರೆಯುವುದು ಕಷ್ಟ. ಗಂಡನ ಗೆಳೆಯನಿಗೆ ಹೆಂಡತಿಯಿಂದ, ಹೆಂಡತಿಯ ಗೆಳತಿಗೆ ಗಂಡನಿಂದ ಹೇಳಿಸುವುದೂ ಬೇಡ. "ಅವರು ಒಪ್ಪಲಿಲ್ಲ" ಎಂದು ಮನೆಯವರ ಮೇಲೆ ಹಾಕಿದರೆ ಆ ಕ್ಷಣಕ್ಕೆ ಪಾರಾಗಬಹುದು, ಆದರೆ ಅಂದಿನಿಂದ ಆ ಗೆಳೆಯರ ಕಣ್ಣಿಗೆ ನಿಮ್ಮ ಸಂಗಾತಿ ಜಿಪುಣರಾಗುತ್ತಾರೆ.

ಸುಳ್ಳು ಕಾರಣ ಕೊಡಬೇಡಿ. "ಈ ತಿಂಗಳು ಸ್ವಲ್ಪ ಟೈಟು" ಎಂದರೆ "ಮುಂದಿನ ತಿಂಗಳು ಕೊಡು, ಕೇಟರಿಂಗ್‌ನವರಿಗೆ ಬಾಕಿ ಆಗ ಕೊಟ್ಟರಾಯ್ತು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದಕ್ಕೆ ಇನ್ನೊಂದು ಸುಳ್ಳು ಬೇಕಾಗುತ್ತದೆ. ಆ ನಡುವೆ ನೀವು ಹೊಸ ಫ್ರಿಜ್ ಕೊಂಡರೆ, ಕೂರ್ಗಿಗೆ ಎರಡು ದಿನ ಹೋಗಿ ಬಂದರೆ, ಅದೂ ಲೆಕ್ಕಕ್ಕೆ ಬರುತ್ತದೆ. ಕಾರಣ ಹೇಳಲೇಬೇಕೆಂದಿಲ್ಲ. ಹೇಳುವುದಾದರೆ ನಿಜವಾದ ಒಂದೇ ಕಾರಣ ಸಾಕು: "ನಾವಿಬ್ರೂ ಕೂತು ನೋಡಿದ್ವಿ ಕಣೋ. ಹುಟ್ಟುಹಬ್ಬಗಳಿಗೆ ಅಂತ ನಾವು ಇಷ್ಟೇ ಇಟ್ಕೊಂಡಿದ್ದೀವಿ. ಪುಟ್ಟಂಗೆ ನನ್ನ ಕಡೆಯಿಂದ ಐದು ಸಾವಿರ. ಅದಕ್ಕಿಂತ ಜಾಸ್ತಿ ಆಗಲ್ಲ. ನೀನು ಹಾಲ್ ಬುಕ್ ಮಾಡೋ ಮೊದ್ಲೇ ಹೇಳ್ಬೇಕು ಅನ್ನಿಸ್ತು." ಇಷ್ಟು ಹೇಳಿ ಸುಮ್ಮನಾಗಿ. ಮೌನವನ್ನು ತುಂಬಲು ಹೋಗಿ ಮೊತ್ತ ಏರಿಸುವವರೇ ಹೆಚ್ಚು.

ಗೆಳೆಯರು ವಯಸ್ಸಿನಲ್ಲಿ ಹಿರಿಯರಾಗಿದ್ದು ಅಕ್ಕ, ಅಣ್ಣ ಎಂದು ಕರೆಯುವ ಸಂಬಂಧವಾದರೆ ಮಾತು ಬದಲಾಗಬೇಕು, ವಿಷಯ ಬದಲಾಗಬಾರದು: "ಅಕ್ಕ, ನೀವು ಕೇಳಿದ್ದಕ್ಕೆ ಇಲ್ಲ ಅನ್ನೋಕೆ ಕಷ್ಟ ಆಗ್ತಿದೆ. ಆದ್ರೆ ನೀವು ನನ್ನ ನೆಚ್ಕೊಂಡು ಅಡ್ವಾನ್ಸ್ ಕೊಟ್ಬಿಟ್ರೆ ಆಮೇಲೆ ಇಬ್ರಿಗೂ ಕಷ್ಟ. ಆವತ್ತು ಬೆಳಿಗ್ಗೆಯಿಂದ ಹಾಲ್‌ನಲ್ಲಿ ನಿಂತು ಕೆಲಸ ನೋಡ್ಕೋತೀನಿ, ಮಗುಗೆ ಕಾಲ್ಗೆಜ್ಜೆ ತರ್ತೀನಿ. ದುಡ್ಡಿನ ವಿಷಯಕ್ಕೆ ಮಾತ್ರ ನನ್ನನ್ನ ಬಿಟ್ಬಿಡಿ."

ಇನ್ನೊಂದು ಎಚ್ಚರ. ಹಣ ಆಗುವುದಿಲ್ಲ ಎನ್ನುವಾಗ ಪಾರ್ಟಿಯ ಆಡಂಬರವನ್ನು ಟೀಕಿಸಬೇಡಿ. "ಒಂದು ವರ್ಷದ ಮಗುಗೆ ಇಷ್ಟೆಲ್ಲ ಬೇಕಾ?" ಎಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಇರಬಹುದು, ನ್ಯಾಯವಾದದ್ದೂ ಆಗಿರಬಹುದು. ಆದರೆ ಎಷ್ಟೋ ವರ್ಷ ಕಾದು, ಚಿಕಿತ್ಸೆ ಪಡೆದು ಹೆತ್ತ ಮಗುವಾಗಿರಬಹುದು, ಅತ್ತೆಮನೆಯವರ ಒತ್ತಾಯವಿರಬಹುದು, ತಾವು ಚಿಕ್ಕವರಿದ್ದಾಗ ಶಾಲೆಯಲ್ಲಿ ಹಂಚಲು ಚಾಕೊಲೇಟಿಗೂ ಗತಿಯಿರಲಿಲ್ಲವೆಂಬ ನೋವಿರಬಹುದು. ಟೀಕೆಯನ್ನೂ ನಿರಾಕರಣೆಯನ್ನೂ ಒಟ್ಟಿಗೆ ಕೊಟ್ಟರೆ, ಕೊಡಲು ಮನಸ್ಸಿಲ್ಲದೆ ಉಪದೇಶ ಮಾಡುತ್ತಿದ್ದಾರೆ ಎಂದೇ ಅವರಿಗೆ ಅನಿಸುತ್ತದೆ. ಅಭಿಪ್ರಾಯ ಕೇಳಿದರೆ ಹೇಳಿ, ಅದೂ ಬೇರೆ ದಿನ.

ಐದನೆಯ ಹೆಜ್ಜೆ: ಪಾಲು ಹೊರುವುದಾದರೆ ಒಂದೇ ಬಾಬತ್ತು, ನೇರ ಪಾವತಿ

ಪಾಲು ಕೊಡಲು ಮನಸ್ಸಿದ್ದರೆ ಪೂರ್ತಿ ಪಾರ್ಟಿಗೆ "ಒಂದಿಷ್ಟು" ಎಂದು ಕೊಡುವುದಕ್ಕಿಂತ ಒಂದು ಬಾಬತ್ತನ್ನು ಆರಿಸಿಕೊಂಡು, ಅದಕ್ಕೊಂದು ಮೇಲ್ಮಿತಿ ಹೇಳಿ, ಹಣವನ್ನು ಅಂಗಡಿಯವರಿಗೇ ನೇರವಾಗಿ ಕಟ್ಟುವುದು ಉತ್ತಮ. "ಕೇಕ್ ನನ್ನದು, ನಾಲ್ಕು ಸಾವಿರದ ಒಳಗೆ" ಎಂದರೆ ಮಾತು ಮುಗಿಯುತ್ತದೆ. ಮೇಲ್ಮಿತಿ ಹೇಳದೆ "ಕೇಕ್ ನನ್ನದು" ಎಂದಷ್ಟೇ ಒಪ್ಪಿಕೊಂಡರೆ, ಎರಡು ಕೆಜಿಯದು ಐದಾಗಿ, ಕ್ರೀಮ್ ಇದ್ದದ್ದು ಫಾಂಡೆಂಟ್ (ಸಕ್ಕರೆ ಹಿಟ್ಟಿನ ಹೊದಿಕೆ) ಆಗಿ, ಮೇಲೊಂದು ಬೊಂಬೆ ಕುಳಿತು ಬಿಲ್ಲು ನಿಮ್ಮ ಕೈಸೇರುತ್ತದೆ. ಕೇಕ್ ಆರಿಸಿಕೊಂಡವರಿಗೆ ಒಂದು ಉಪಯುಕ್ತ ವಿಷಯ: ಮೂರು ಅಂತಸ್ತಿನ ಕೇಕ್‌ಗಳಲ್ಲಿ ಕೆಳಗಿನ ಅಂತಸ್ತುಗಳನ್ನು ಡಮ್ಮಿಯಾಗಿ ಮಾಡಿಸುವುದು ಬೇಕರಿಗಳಲ್ಲಿ ರೂಢಿಯಲ್ಲಿದೆ, ಫೋಟೊದಲ್ಲಿ ಗೊತ್ತಾಗುವುದಿಲ್ಲ, ಊಟದ ಜೊತೆ ಸಿಹಿ ಬೇರೆ ಇರುವುದರಿಂದ ಯಾರಿಗೂ ಕಡಿಮೆಯೂ ಆಗುವುದಿಲ್ಲ.

ಡೆಕೋರೇಷನ್ ಹೊರುವವರು ಕೊಟೇಷನ್ ನೋಡುವಾಗ ಏನೇನು ಸೇರಿದೆ ಎಂದು ಬರೆಸಿಕೊಳ್ಳಿ. ಥರ್ಮಾಕೋಲ್ ಅಲಂಕಾರ ಮತ್ತು ಬಲೂನಿಗೆ ಹಾಕುವ ಪ್ಲಾಸ್ಟಿಕ್ ಕಡ್ಡಿ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಕ್ಕೆ ಒಳಗಾಗಿವೆ. ಹೆಸರಿನ ದೊಡ್ಡ ಅಕ್ಷರಗಳನ್ನು ರಟ್ಟಿನಲ್ಲೋ ಬಟ್ಟೆಯಲ್ಲೋ ಮಾಡಿಸಲು ಹೇಳಬಹುದು. ಹಣ ಕೊಡುವವರು ನೀವಾದ್ದರಿಂದ ಇಷ್ಟು ಹೇಳುವ ಹಕ್ಕು ನಿಮಗಿದೆ. ಊಟದ ಬಾಬತ್ತನ್ನು ಮಾತ್ರ ಒಪ್ಪಿಕೊಳ್ಳಬೇಡಿ. ಅದರ ಮೊತ್ತ ಎಲೆ ಲೆಕ್ಕದ ಮೇಲೆ ನಿಲ್ಲುತ್ತದೆ, ಬರುವವರ ಸಂಖ್ಯೆ ನಿಮ್ಮ ಹತೋಟಿಯಲ್ಲಿ ಇರುವುದಿಲ್ಲ.

ಗೆಳೆಯರ ಗುಂಪೇ ಸೇರಿ ಕೊಡುವುದಾದರೆ ತಲೆಗೆ ಇಷ್ಟು ಎಂದು ನಿಗದಿ ಮಾಡಬೇಡಿ. ಎಲ್ಲರ ಸಂಬಳ ಒಂದೇ ಆಗಿರುವುದಿಲ್ಲ. ಒಬ್ಬರ ಖಾತೆಗೆ ಅವರವರ ಶಕ್ತಿಯಷ್ಟು ಕಳಿಸಲಿ, ಯಾರು ಎಷ್ಟು ಕೊಟ್ಟರೆಂದು ಆ ಒಬ್ಬರಿಗೆ ಮಾತ್ರ ಗೊತ್ತಿರಲಿ, ಉಡುಗೊರೆಯ ಮೇಲೆ ಎಲ್ಲರ ಹೆಸರೂ ಇರಲಿ.

ಆರನೆಯ ಹೆಜ್ಜೆ: ಕೇಳಿದರೆ, ಖರ್ಚು ಇಳಿಸಲು ನೆರವಾಗಿ

ಹಣದ ಬದಲು ಬುದ್ಧಿ ಕೊಡುವುದು ಎಲ್ಲರಿಗೂ ಹಿಡಿಸುವುದಿಲ್ಲ, ಆದ್ದರಿಂದ ಇದು ಕೇಳಿದವರಿಗೆ ಮಾತ್ರ. ಖರ್ಚಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ದೊಡ್ಡದು ಊಟ. 200 ಜನ, ಎಲೆಗೆ 600 ರೂಪಾಯಿ ಎಂದಿಟ್ಟುಕೊಂಡರೆ ಅದೊಂದೇ 1,20,000 ರೂಪಾಯಿ. ಇದನ್ನು 80 ಜನಕ್ಕೆ ಇಳಿಸಿದರೆ 48,000. ಬಲೂನು, ಮ್ಯಾಜಿಕ್ ಶೋ, ಫೋಟೊ ಯಾವುದನ್ನೂ ಮುಟ್ಟದೆ 72,000 ರೂಪಾಯಿ ಉಳಿಯುತ್ತದೆ, ಬಹುಶಃ ನಿಮ್ಮನ್ನು ಕೇಳಿದ ಹಣಕ್ಕಿಂತ ಹೆಚ್ಚೇ. ಕಚೇರಿಯವರಿಗೆ ಒಂದು ದಿನ ಸಿಹಿ ಹಂಚಿ, ಬಡಾವಣೆಯವರನ್ನು ಮನೆಗೆ ಆರತಿಗೆ ಕರೆದು, ಹಾಲ್‌ಗೆ ಮಕ್ಕಳಿರುವ ಮನೆಗಳನ್ನಷ್ಟೇ ಕರೆಯಬಹುದು. ಸಮಯವನ್ನು ಸಂಜೆ ನಾಲ್ಕರಿಂದ ಏಳಕ್ಕೆ ಇಟ್ಟುಕೊಂಡರೆ ಊಟದ ಬದಲು ತಿಂಡಿ, ಕಾಫಿ ಸಾಕು. ಎಂಟು ಗಂಟೆಗೆ ಕೇಕ್ ಕತ್ತರಿಸುವ ಪಾರ್ಟಿಗಳಲ್ಲಿ ಒಂದು ವರ್ಷದ ಮಗು ಅಳುತ್ತಲೋ ನಿದ್ದೆ ಮಾಡುತ್ತಲೋ ಇರುವುದನ್ನು ಎಲ್ಲರೂ ನೋಡಿದ್ದೇವೆ. ಅಪಾರ್ಟ್‌ಮೆಂಟಿನಲ್ಲಿ ಕ್ಲಬ್‌ಹೌಸ್ ಇದ್ದರೆ ಅದನ್ನೇ ಬಳಸಿಕೊಳ್ಳಬಹುದು.

ಸ್ವಲ್ಪ ದೊಡ್ಡ ಮಕ್ಕಳಿಗಾದರೆ ಹಾಲೇ ಬೇಕಿಲ್ಲ. ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಜವಾಹರಲಾಲ್ ನೆಹರು ತಾರಾಲಯಗಳಿಗೆ ಎಂಟು ಹತ್ತು ಮಕ್ಕಳನ್ನು ಕರೆದೊಯ್ದು, ಆಮೇಲೆ ಮನೆಯಲ್ಲಿ ಊಟ ಹಾಕಬಹುದು. 1892ರಲ್ಲಿ ಆರಂಭವಾದ ಮೈಸೂರು ಮೃಗಾಲಯದಲ್ಲಿ ಪ್ರಾಣಿಗಳನ್ನು ದತ್ತು ಪಡೆಯುವ ಯೋಜನೆ ಇದೆ, ಮಕ್ಕಳ ಹುಟ್ಟುಹಬ್ಬಕ್ಕೆಂದು ದತ್ತು ಪಡೆಯುವವರೂ ಇದ್ದಾರೆ. ಚಿಕ್ಕ ಹಕ್ಕಿಯಿಂದ ಆನೆಯವರೆಗೆ ದರ ಬೇರೆ ಬೇರೆ. ಹೆಣ್ಣುಮಗುವಾದರೆ ತಂದೆ ತಾಯಿ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆದು ಬಂದ ಮುಯ್ಯಿಯನ್ನು ಅದಕ್ಕೇ ಹಾಕಬಹುದು: ಮಗುವಿಗೆ ಹತ್ತು ವರ್ಷ ತುಂಬುವುದರೊಳಗೆ ತೆರೆಯಬೇಕು, ವರ್ಷಕ್ಕೆ ಕನಿಷ್ಠ 250, ಗರಿಷ್ಠ 1,50,000 ರೂಪಾಯಿ ಕಟ್ಟಬಹುದು.

ಏಳನೆಯ ಹೆಜ್ಜೆ: ಕೈಗಡವಾದರೆ ಕಾಗದ, ಖಾತೆ, ತಾರೀಖು

ಸಂತೋಷದ ಕಾರ್ಯಕ್ಕೆ ಸಾಲ ಕೊಡಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಆಸ್ಪತ್ರೆಗೆ ಪಡೆದ ಸಾಲಕ್ಕಿಂತ ಪಾರ್ಟಿಗೆ ಪಡೆದ ಸಾಲ ತೀರುವುದು ನಿಧಾನ. ಪಾರ್ಟಿ ಮುಗಿದ ಮರುದಿನದಿಂದ ಅದರ ಕಂತು ಕಟ್ಟಲು ಯಾರಿಗೂ ಮನಸ್ಸು ಬರುವುದಿಲ್ಲ, ಮುಯ್ಯಿಯ ಲಕೋಟೆಗಳಿಂದ ತೀರಿಸುತ್ತೇನೆ ಎಂಬ ಲೆಕ್ಕ ಹೊಂದುವುದೂ ಕಡಿಮೆ. ಹೀಗಾಗಿ ಕೊಡುವುದಾದರೆ ಕೆಲವು ನಿಯಮಗಳನ್ನು ಸಡಿಲಿಸಬೇಡಿ.

ನಗದು ಕೊಡಬೇಡಿ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿರ್ಬಂಧಿಸಿದೆ, ಉಲ್ಲಂಘಿಸಿದರೆ ಪಡೆದ ಮೊತ್ತದಷ್ಟೇ ದಂಡ ಪಡೆದವರ ಮೇಲೆ ಬೀಳಬಹುದು. ತೀರಿಸುವಾಗಲೂ ಇಂಥದ್ದೇ ನಿರ್ಬಂಧವಿದೆ. ಬ್ಯಾಂಕ್ ಖಾತೆಯಿಂದ ಖಾತೆಗೆ ಅಥವಾ ಯುಪಿಐ ಮೂಲಕ ಕಳಿಸಿ, ಕಳಿಸುವಾಗ ಟಿಪ್ಪಣಿಯ ಜಾಗದಲ್ಲಿ "ಕೈಗಡ" ಎಂದು ಬರೆಯಿರಿ. ಬಳಿಕ ಒಂದು ಸಂದೇಶ ಕಳಿಸಿ: "ಇವತ್ತು ನಿನ್ನ ಖಾತೆಗೆ 30,000 ಕೈಗಡ ಹಾಕಿದ್ದೀನಿ. ಮಾತಾಡಿದ ಹಾಗೆ ಜುಲೈನಿಂದ ತಿಂಗಳಿಗೆ 5,000ದಂತೆ ಆರು ಕಂತು. ಸರಿ ತಾನೆ?" ಅದಕ್ಕೆ "ಸರಿ" ಎಂದು ಅವರು ಉತ್ತರಿಸಿದರೆ ಸಾಲ, ಮೊತ್ತ, ತಾರೀಖು ಮೂರಕ್ಕೂ ಒಂದು ಬರಹದ ದಾಖಲೆಯಾಯಿತು. ಮೊತ್ತ ದೊಡ್ಡದಿದ್ದರೆ ರೆವೆನ್ಯೂ ಸ್ಟಾಂಪ್ ಅಂಟಿಸಿದ ಪ್ರಾಮಿಸರಿ ನೋಟ್, ಅಂದರೆ ಹಣ ತೀರಿಸುತ್ತೇನೆಂದು ಸಹಿ ಮಾಡಿದ ಪತ್ರ, ಬರೆಸಿಕೊಳ್ಳಿ. ಹೀಗೆ ಬರೆಸಿಕೊಳ್ಳಲು ನಾಚಿಕೆಯಾಗುವಷ್ಟು ಆಪ್ತರಾಗಿದ್ದರೆ ಕೈಗಡ ಕೊಡಬೇಡಿ, ಮೂರನೆಯ ಹೆಜ್ಜೆಯಲ್ಲಿ ಗೊತ್ತುಮಾಡಿದ ಮೊತ್ತವನ್ನು ಉಡುಗೊರೆಯಾಗಿ ಕೊಟ್ಟು ಮರೆತುಬಿಡಿ.

ಉಡುಗೊರೆಗೂ ತೆರಿಗೆಯ ಒಂದು ಮಾತಿದೆ. ಸಂಬಂಧಿಕರಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಬಂದ ಹಣದ ಒಟ್ಟು ಮೊತ್ತ 50,000 ರೂಪಾಯಿ ಮೀರಿದರೆ, ಮೀರಿದ ಭಾಗವಷ್ಟೇ ಅಲ್ಲ, ಪೂರ್ತಿ ಮೊತ್ತವೂ ಪಡೆದವರ ಆದಾಯವೆಂದು ಪರಿಗಣಿತವಾಗುತ್ತದೆ. ಮದುವೆಗೆ ಬಂದ ಉಡುಗೊರೆಗೆ ವಿನಾಯಿತಿ ಇದೆ, ಹುಟ್ಟುಹಬ್ಬಕ್ಕೆ ಇಲ್ಲ. ಸ್ನೇಹಿತರು ಎಷ್ಟೇ ಆಪ್ತರಾದರೂ ಕಾನೂನಿನ ಸಂಬಂಧಿಕರ ಪಟ್ಟಿಯಲ್ಲಿ ಬರುವುದಿಲ್ಲ. ದೊಡ್ಡ ಮೊತ್ತ ಕೇಳುವ ಗೆಳೆಯರಿಗೆ ಇದನ್ನು ತಿಳಿಸುವುದು ನಿಜವಾದ ಉಪಕಾರ. ವಿದೇಶದಲ್ಲಿರುವ ಕನ್ನಡಿಗರಿಗೆ ಇದು ಹೆಚ್ಚು ಅನ್ವಯಿಸುತ್ತದೆ. "ನಿನಗೇನು, ಡಾಲರ್‌ನಲ್ಲಿ ಸಂಬಳ" ಎಂಬ ಮಾತು ಕೇಳಿ ಕೇಳಿ ಸಾಕಾದವರು ಒಮ್ಮೆಗೇ ಲಕ್ಷ ರೂಪಾಯಿ ಕಳಿಸಿ ಕೈತೊಳೆದುಕೊಳ್ಳುತ್ತಾರೆ, ಊರಿನಲ್ಲಿರುವ ಗೆಳೆಯ ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಬೇಕೆಂಬುದು ಇಬ್ಬರಿಗೂ ಗೊತ್ತಿರುವುದಿಲ್ಲ. ಅಲ್ಲಿನ ಬಾಡಿಗೆ, ಮಗುವಿನ ಡೇಕೇರ್ ಖರ್ಚುಗಳೂ ಡಾಲರ್‌ನಲ್ಲೇ ಇರುತ್ತವೆ ಎಂದು ಒಮ್ಮೆ ಅಂಕಿಗಳೊಂದಿಗೆ ವಿವರಿಸಿದರೆ ಆ ಮಾತು ಕಡಿಮೆಯಾಗುತ್ತದೆ.

ಇನ್ನು ಹೆಸರು ಕೊಡುವ ವಿಚಾರ. ನಿಮ್ಮ ಕ್ರೆಡಿಟ್ ಕಾರ್ಡಿನಲ್ಲಿ ಹಾಲ್ ಬಿಲ್ಲು ಕಟ್ಟಿಸಿದರೆ ಬ್ಯಾಂಕಿನ ಕಣ್ಣಿಗೆ ಆ ಸಾಲಗಾರರು ನೀವು. ಗೆಳೆಯ ಸಮಯಕ್ಕೆ ಕೊಡದಿದ್ದರೆ ಬಾಕಿಯ ಮೇಲೆ ತಿಂಗಳಿಗೆ ಶೇ 3.5ರ ಆಸುಪಾಸಿನ ಬಡ್ಡಿ ಬೆಳೆಯುತ್ತದೆ, ವರ್ಷಕ್ಕೆ ಲೆಕ್ಕ ಹಾಕಿದರೆ ಶೇ 40 ದಾಟುತ್ತದೆ, ಬ್ಯಾಂಕುಗಳು ಸಾಲ ಕೊಡುವಾಗ ನೋಡುವ ಸಿಬಿಲ್ ಅಂಕ ಕುಸಿಯುವುದೂ ನಿಮ್ಮದೇ. ಜಾಮೀನಿನ ಮಾತಂತೂ ಇನ್ನೂ ಕಟ್ಟುನಿಟ್ಟು: 1872ರ ಭಾರತೀಯ ಒಪ್ಪಂದ ಕಾಯ್ದೆಯ ಪ್ರಕಾರ ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ದೊಡ್ಡದು, ಬೇರೆ ಒಪ್ಪಂದವಿಲ್ಲದಿದ್ದರೆ ಬ್ಯಾಂಕು ಮೊದಲು ಸಾಲಗಾರರನ್ನು ಹಿಡಿದು ಆಮೇಲೆ ನಿಮ್ಮಲ್ಲಿಗೆ ಬರಬೇಕೆಂದೇನೂ ಇಲ್ಲ. ಹುಟ್ಟುಹಬ್ಬದ ಪಾರ್ಟಿಗೆ ಕಾರ್ಡೂ ಬೇಡ, ಜಾಮೀನೂ ಬೇಡ. ಇಲ್ಲಿ ವಿನಾಯಿತಿಯೇ ಇಲ್ಲ.

ಕೇಳುವವರು ಮೇಲಧಿಕಾರಿಯಾದರೆ

ಕಚೇರಿಯಲ್ಲಿ ಗೆಳೆತನವೂ ಇರುವ ಮೇಲಧಿಕಾರಿ ಕೇಳಿದಾಗ ನಿರಾಕರಿಸುವುದು ಕಷ್ಟ, ಅಪಾಯವೂ ಹೌದು. ಒಬ್ಬರೇ ಮುಂದೆ ಹೋಗಬೇಡಿ. "ಸರ್, ಟೀಮಿನವರೆಲ್ಲ ಸೇರಿ ಮಗುಗೆ ಒಂದು ಗಿಫ್ಟ್ ಕೊಡ್ತಿದ್ದೀವಿ, ನಾನೂ ಅದರಲ್ಲೇ ಇದ್ದೀನಿ" ಎಂಬುದು ಸಾಕು. ನಿಮ್ಮ ಕೈಕೆಳಗಿನವರನ್ನು ನೀವು ಕೇಳುವ ಸಂದರ್ಭ ಬಂದರೆ, ಕೇಳಲೇಬೇಡಿ.

ಕೊನೆಯ ಹೆಜ್ಜೆ: ಇಲ್ಲವೆಂದ ಮೇಲೆ

ಒಂದೆರಡು ವಾರ ಮುನಿಸು ಇರಬಹುದು. ಆ ದಿನಗಳಲ್ಲಿ ಸಮಜಾಯಿಷಿ ಕೊಡಲು ಮತ್ತೆ ಮತ್ತೆ ಫೋನ್ ಮಾಡಬೇಡಿ, ಮೂರನೆಯ ಗೆಳೆಯರಲ್ಲಿ ತೋಡಿಕೊಳ್ಳಲೂ ಬೇಡಿ. ಆ ಮಾತು ಮುಟ್ಟಬೇಕಾದವರಿಗೆ ಬಣ್ಣ ಕಟ್ಟಿಕೊಂಡೇ ಮುಟ್ಟುತ್ತದೆ. ಹುಟ್ಟುಹಬ್ಬಕ್ಕೆ ತಪ್ಪದೆ ಹೋಗಿ, ಬೇಗ ಹೋಗಿ, ಬಂದವರನ್ನು ಕೂರಿಸುವ, ರಿಟರ್ನ್ ಗಿಫ್ಟ್ ಹಂಚುವ ಕೆಲಸಕ್ಕೆ ನಿಲ್ಲಿ. ಹೇಳಿದ ಉಡುಗೊರೆಯನ್ನು ಹೇಳಿದಷ್ಟೇ ಕೊಡಿ. ಹಾಲ್‌ನ ವೈಭವ ನೋಡಿ ಲಕೋಟೆಗೆ ಇನ್ನಷ್ಟು ಸೇರಿಸುವುದು ಬೇಡ, ಸೇರಿಸಿದರೆ ಮೊದಲು ಹೇಳಿದ್ದು ನೆಪವಾಗಿತ್ತು ಎಂದಾಗುತ್ತದೆ. ಕರೆಯೋಲೆಯೇ ಬರದಿದ್ದರೆ, ಮಗುವಿಗೆಂದು ತಂದದ್ದನ್ನು ಆ ವಾರದಲ್ಲಿ ಒಂದು ದಿನ ಮನೆಗೇ ಹೋಗಿ ಕೊಟ್ಟು ಬನ್ನಿ.

ಕೈಗಡ ಕೊಟ್ಟವರಿಗೆ ಕೆಲಸ ಇನ್ನೂ ಬಾಕಿಯಿದೆ. ಮೊದಲ ಕಂತಿನ ತಾರೀಖಿನಂದು ಹಣ ಬಾರದಿದ್ದರೆ ವಾರದೊಳಗೆ ನೆನಪಿಸಿ: "ಜುಲೈ ಕಂತು ಬಂದಿಲ್ಲ ಕಣೋ, ಈ ವಾರ ಹಾಕ್ತೀಯಾ?" ಮೂರು ಕಂತು ತಪ್ಪಿದ ಮೇಲೆ ಒಮ್ಮೆಲೇ ಕೇಳುವುದಕ್ಕಿಂತ ಮೊದಲನೆಯದಕ್ಕೇ ಕೇಳುವುದು ಇಬ್ಬರಿಗೂ ಹಗುರ. ಕಷ್ಟವಿದೆ ಎಂದರೆ ಕಂತನ್ನು ಇಳಿಸಿ, ತಾರೀಖನ್ನು ಮುಂದೂಡಿ, ಹೊಸ ಒಪ್ಪಂದವನ್ನೂ ಸಂದೇಶದಲ್ಲೇ ಬರೆಸಿಕೊಳ್ಳಿ. 1963ರ ಕಾಲಮಿತಿ ಕಾಯ್ದೆಯಂತೆ ಸಾಲ ವಸೂಲಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಅವಕಾಶವಿರುತ್ತದೆ, ಆ ಅವಧಿಯೊಳಗೆ ಸಾಲಗಾರರು ಬಾಕಿಯನ್ನು ಸಹಿ ಮಾಡಿದ ಬರಹದಲ್ಲಿ ಒಪ್ಪಿಕೊಂಡರೆ ಅವಧಿ ಅಲ್ಲಿಂದ ಹೊಸದಾಗಿ ಎಣಿಕೆಯಾಗುತ್ತದೆ. ಗೆಳೆಯನ ಮೇಲೆ ದಾವೆ ಹೂಡುವವರು ಕಡಿಮೆ. ಆದರೂ ಎರಡೂವರೆ ವರ್ಷ ಕಳೆದು ಹಣ ಇನ್ನೂ ಬಾಕಿಯಿದ್ದರೆ, ಅದನ್ನು ಬಿಟ್ಟುಕೊಡುವುದೋ ಕೇಳುವುದೋ ಎಂಬುದನ್ನು ಆಗಲೇ ತೀರ್ಮಾನಿಸಿ, ತೀರ್ಮಾನವನ್ನು ಅವರಿಗೂ ತಿಳಿಸಿಬಿಡಿ.